21ನೇ ಸರದಿ

ಕೇಳುಗರಿಗೆ ನಮಸ್ಕಾರ.

2022ರ ಏಪ್ರಿಲ್ ತಿಂಗಳಲ್ಲಿ ನಾನು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗನನ್ನು ಆಡಿಸುವುದು, ಶನಿವಾರ ಬಂತೆಂದರೆ ಪೆನ್ ಹಿಲ್ಸಿನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಹುಳಿಯನ್ನ ತಿಂದು ಬರುವುದು, ಇಷ್ಟೇ ನನ್ನ ಉದ್ಯೋಗ. ಪಕ್ಕದ ಮನೆಯಲ್ಲಿ ವಯಸ್ಸಾದ ಒಬ್ಬರಿದ್ದರು. ಪ್ರಾಯದಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ಮಾತು ಕಡಿಮೆ. 28ನೇ ತಾರೀಕು ಗುರುವಾರ ರಾತ್ರಿ ಅವರ ಮನೆಯಿಂದ ಜೋರಾಗಿ ಒಂದು ಕೂಗು ಕೇಳಿತು. ಏನಾಯಿತೋ ಎಂದು ಗಾಬರಿಯಾಗಿ ಕಿಟಕಿಯಲ್ಲಿ ಇಣುಕಿದರೆ, ಅವರು ಟೀವಿಯ ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮರುದಿನ ಬೆಳಿಗ್ಗೆ ಬೇಲಿ ಹತ್ತಿರ ಸಿಕ್ಕಾಗ ಕೇಳಿದೆ. ಊರಿನ ಫುಟ್‌ಬಾಲ್ ತಂಡ ಸ್ಟೀಲರ್ಸ್, ಊರಿನದೇ ವಿಶ್ವವಿದ್ಯಾಲಯದ ಹುಡುಗ ಕೆನಿ ಪಿಕೆಟ್‌ನನ್ನು ಆರಿಸಿಕೊಂಡಿದೆ ಎಂದರು. ‘ಚೆನ್ನಾಗಿ ಆಡುತ್ತಾನೋ?’ ಎಂದೆ. ‘ಅದು ಆಮೇಲೆ ನೋಡೋಣ. ಈ ಸಲ ಬಿಟ್ಟುಕೊಡಲಿಲ್ಲವಲ್ಲ’ ಎಂದರು. ಹೋದ ಸಲ ಬಿಟ್ಟದ್ದು ಯಾವಾಗ ಎಂದು ಕೇಳಿದೆ. ‘1983’ ಎಂದರು, ಮೊನ್ನೆ ಮಂಗಳವಾರ ಎನ್ನುವ ಹಾಗೆ.

ಮೂವತ್ತೊಂಬತ್ತು ವರ್ಷ! ನಮ್ಮಲ್ಲಿ ಗದ್ದೆಯ ಬದುವಿನ ಜಗಳ ಇಷ್ಟು ಕಾಲ ಬಾಳುತ್ತದೆ. ಆಟದ ವಿಷಯಕ್ಕೆ ಇಷ್ಟು ಬಾಳಿದ್ದನ್ನು ನಾನು ಕಂಡಿರಲಿಲ್ಲ. ಉಳಿದ ಎರಡು ತಿಂಗಳು ಆ ಕಥೆಯನ್ನೇ ಕೆದಕಿದೆ. ಕೆದಕಿದಷ್ಟೂ ಸಿಕ್ಕಿತು.

ಮೊದಲಿಗೆ ಒಂದು ಮಾತು. ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ, ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಎಂಬುದನ್ನು ಎರಡು ಮೂರು ಸೆಕೆಂಡಿನೊಳಗೆ ತೀರ್ಮಾನಿಸುವವನು ಅವನು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಕದ ಆಳುಗಳು ಮೈಮೇಲೆ ಬೀಳಲು ನುಗ್ಗಿ ಬರುತ್ತಿರುತ್ತಾರೆ.

ಇನ್ನು ಡ್ರಾಫ್ಟ್, ಎಂದರೆ ಕಾಲೇಜಿನ ಹುಡುಗರನ್ನು ವೃತ್ತಿಪರ ತಂಡಗಳು ಆರಿಸಿಕೊಳ್ಳುವ ಏರ್ಪಾಡು. ನಮ್ಮ ಐಪಿಎಲ್‌ನಂತೆ ಅದು ಹರಾಜಲ್ಲ, ಸರದಿ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡ ಮೊದಲು ಆರಿಸುತ್ತದೆ, ಗೆದ್ದ ತಂಡ ಕೊನೆಗೆ. ಹರಾಜಿನಲ್ಲಿ ಊರಿನ ಹುಡುಗ ಕೈತಪ್ಪಿದರೆ ‘ದುಡ್ಡು ಸಾಲಲಿಲ್ಲ’ ಎನ್ನಬಹುದು. ಕೆ. ಎಲ್. ರಾಹುಲ್‌ಗೆ ಬೆಂಗಳೂರು ಕೂಗಿತು, ಬೆಲೆ ಏರಿತು, ಹಿಂದೆ ಸರಿಯಿತು. 14 ಕೋಟಿಗೆ ದೆಹಲಿ ಪಾಲಾದ. 2025ರ ಏಪ್ರಿಲ್ 10ರಂದು ಅದೇ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು, ಬ್ಯಾಟಿನಲ್ಲಿ ನೆಲದ ಮೇಲೆ ವೃತ್ತ ಎಳೆದು ಇದು ನನ್ನ ಜಾಗ ಎಂದು ತೋರಿಸಿದ. ಅಂದು ನಮ್ಮ ಮನೆಯಲ್ಲಿ ಯಾರ ಕಡೆ ಕೂಗಬೇಕೆಂದು ಯಾರಿಗೂ ತಿಳಿಯಲಿಲ್ಲ. ಡ್ರಾಫ್ಟಿನಲ್ಲಿ ಈ ಸಬೂಬಿಗೂ ಜಾಗವಿಲ್ಲ. ನಿಮ್ಮ ಸರದಿ ಬಂದಾಗ ಹುಡುಗ ಇನ್ನೂ ಉಳಿದಿದ್ದರೆ, ಹೆಸರು ಹೇಳಿದರೆ ನಿಮ್ಮವನು. ಹೇಳದಿದ್ದರೆ, ಬೇಡವೆಂದೇ ಬಿಟ್ಟಿರಿ ಎಂದರ್ಥ.

1983ರಲ್ಲಿ ಹಾಗೆ ಉಳಿದಿದ್ದವನು ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರೀನೋ.

ಊರಿನ ಹುಡುಗ ಎಂದರೆ ಹೀಗಿರಬೇಕು ನೋಡಿ. ಹುಟ್ಟಿದ್ದು 1961ರಲ್ಲಿ, ಪಿಟ್ಸ್‌ಬರ್ಗಿನಲ್ಲೇ. ಬೆಳೆದದ್ದು ಓಕ್‌ಲೆಂಡ್ ಬಡಾವಣೆಯ ಒಂದು ಸಾಧಾರಣ ಬೀದಿಯಲ್ಲಿ. ತಂದೆ ವೃತ್ತಪತ್ರಿಕೆ ಸಾಗಿಸುವ ಲಾರಿಯ ಚಾಲಕ. ತಾಯಿ ಶಾಲೆ ಮಕ್ಕಳಿಗೆ ರಸ್ತೆ ದಾಟಿಸುವ ಕೆಲಸದಲ್ಲಿದ್ದವರು. ಓದಿದ ಪ್ರೌಢಶಾಲೆ ಅಲ್ಲೇ, ಸೇರಿದ ಪಿಟ್ ವಿಶ್ವವಿದ್ಯಾಲಯವೂ ಅಲ್ಲೇ, ಮನೆಯಿಂದ ನಡೆದು ಹೋಗುವಷ್ಟು ದೂರ. ಬೇಸ್‌ಬಾಲ್‌ನವರು ಕೂಡ ಕರೆದಿದ್ದರು. ಕಾನ್ಸಾಸ್ ಸಿಟಿ ತಂಡ 1979ರಲ್ಲಿ ಆರಿಸಿತ್ತು. ಹೋಗಲಿಲ್ಲ. 1982ರ ಹೊಸವರ್ಷದ ದಿನ ಕಾಲೇಜು ತಂಡಗಳ ಶುಗರ್ ಬೌಲ್ ಪಂದ್ಯದಲ್ಲಿ ಜಾರ್ಜಿಯಾದ ಎದುರು, ಇನ್ನು 35 ಸೆಕೆಂಡು ಇದೆ ಎನ್ನುವಾಗ, ಕಟ್ಟಕಡೆಯ ಅವಕಾಶದಲ್ಲಿ 33 ಗಜ ದೂರ ಚೆಂಡೆಸೆದು 24-20ರಲ್ಲಿ ಗೆಲ್ಲಿಸಿದ. ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಬಂದರೆ ಟಚ್‌ಡೌನ್. ಆ ಋತುವಿನಲ್ಲಿ ಅವನ ಎಸೆತಗಳಿಂದ ಬಂದ ಟಚ್‌ಡೌನ್ 37. ಆಗಲೇ ಡ್ರಾಫ್ಟ್ ನಡೆದಿದ್ದರೆ 21ನೇ ಸರದಿಯವರೆಗೆ ಅವನು ಉಳಿಯುವ ಮಾತೇ ಇರಲಿಲ್ಲ.

ಆದರೆ ಇನ್ನೊಂದು ವರ್ಷ ಬಾಕಿಯಿತ್ತು, ಆ ವರ್ಷ ಕೈಕೊಟ್ಟಿತು. ತರಬೇತುದಾರ ಬೇರೆ ಕಡೆ ಹೋಗಿ ಹೊಸಬರು ಬಂದರು. ದೇಶಕ್ಕೇ ಮೊದಲ ಸ್ಥಾನದ ನಿರೀಕ್ಷೆಯಲ್ಲಿ ಶುರುಮಾಡಿದ ಪಿಟ್ ಮೂರು ಪಂದ್ಯ ಸೋತಿತು. ಮರೀನೋ ಎಸೆದ ಟಚ್‌ಡೌನ್ 17ಕ್ಕೆ ಇಳಿಯಿತು, ಎದುರಾಳಿಯ ಕೈಗೆ ಬಿದ್ದ ಎಸೆತಗಳು 23. ತನ್ನೂರಿನ ಮೈದಾನದಲ್ಲೇ ಜನ ಕೂಗಾಡಿದರು. ಅದರ ಹಿಂದೆಯೇ ಗಾಳಿಮಾತು: ಹುಡುಗ ದಾರಿ ಬಿಟ್ಟಿದ್ದಾನಂತೆ, ಮಾದಕ ವಸ್ತು ಮುಟ್ಟುತ್ತಾನಂತೆ. ‘ಅಂತೆ’ ಎಂಬುದಕ್ಕೆ ಕನ್ನಡದಲ್ಲಿ ಎಷ್ಟು ಬೆಲೆಯೋ ಇಂಗ್ಲಿಷಿನಲ್ಲೂ ಅಷ್ಟೇ. ಯಾವುದಕ್ಕೂ ಆಧಾರ ಸಿಗಲಿಲ್ಲ, ಆದರೆ ಮಾತು ತನ್ನ ಕೆಲಸ ಮಾಡಿ ಮುಗಿಸಿತ್ತು.

1983ರ ಏಪ್ರಿಲ್ 26, ನ್ಯೂಯಾರ್ಕ್. ಮೊದಲ ಸುತ್ತಿನಲ್ಲೇ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳು ಹೋದ ದಿನ ಅದು. ಜಾನ್ ಎಲ್ವೇ ಮೊದಲನೆಯವನು. ಆಮೇಲೆ ಬ್ಲ್ಯಾಕ್‌ಲೆಜ್, ಕೆಲಿ, ಈಸನ್. ಸ್ಟೀಲರ್ಸ್ ಸರದಿ 21. ಮರೀನೋ ಇನ್ನೂ ಕೂತಿದ್ದಾನೆ. ಊರು ಉಸಿರು ಬಿಗಿಹಿಡಿದಿದೆ. ಆ ಊರಿನ ಸ್ಥಿತಿಯನ್ನೂ ನೆನೆಯಿರಿ: ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ತಣ್ಣಗಾಗುತ್ತಿದ್ದ ಕಾಲ, ಬೀದಿಗೆ ನಾಲ್ಕು ಮನೆಯಲ್ಲಿ ಕೆಲಸ ಕಳೆದುಕೊಂಡವರು. ನನ್ನ ಪಕ್ಕದ ಮನೆಯವರೂ ಅವರಲ್ಲೊಬ್ಬರು. ‘ಆ ದಿನ ಒಂದು ಒಳ್ಳೆ ಸುದ್ದಿಗೆ ಕಾದಿದ್ದೆವು’ ಎಂದರು.

ಸ್ಟೀಲರ್ಸ್ ಕರೆದ ಹೆಸರು ಗೇಬ್ರಿಯಲ್ ರಿವೇರಾ. ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದ ಆಳು, ರಕ್ಷಣೆಯ ಸಾಲಿನಲ್ಲಿ ನಿಲ್ಲುವವನು.

ಮುಖ್ಯ ತರಬೇತುದಾರ ಚಕ್ ನೋಲ್ ಅವರನ್ನು ಇದಕ್ಕಾಗಿ ಬೈದವರು ಲೆಕ್ಕವಿಲ್ಲ. ನನಗೆ ಮಾತ್ರ ಅವರ ಲೆಕ್ಕಾಚಾರ ಅಷ್ಟು ದಡ್ಡತನದ್ದಾಗಿ ಕಾಣುವುದಿಲ್ಲ. 1969ರಲ್ಲಿ ಬಂದ ಕೂಡಲೇ ಅವರು ಮೊದಲು ಆರಿಸಿದ್ದು ರಕ್ಷಣೆಯ ಜೋ ಗ್ರೀನ್‌ನನ್ನು. ಆಗಲೂ ಊರು ‘ಯಾರಪ್ಪಾ ಇವನು?’ ಎಂದು ಮೂಗು ಮುರಿದಿತ್ತು. ಅದೇ ಗ್ರೀನ್‌ನನ್ನು ನಡುವೆ ನಿಲ್ಲಿಸಿ ಕಟ್ಟಿದ ತಂಡ ಆರು ವರ್ಷದಲ್ಲಿ ನಾಲ್ಕು ಸೂಪರ್ ಬೌಲ್, ಎಂದರೆ ಋತುವಿನ ಅಂತಿಮ ಪಂದ್ಯ, ಗೆದ್ದಿತು. ಗ್ರೀನ್ ನಿವೃತ್ತನಾಗಿದ್ದ, ಮನೆಯನ್ನು ಮತ್ತೆ ಅಡಿಪಾಯದಿಂದ ಎಬ್ಬಿಸಬೇಕು ಎಂದುಕೊಂಡರು. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಟೆರಿ ಬ್ರ್ಯಾಡ್‌ಶಾ ಇದ್ದೇ ಇದ್ದ. ಅವನ ಮೊಣಕೈಗೆ ಆ ಮಾರ್ಚ್‌ನಲ್ಲಷ್ಟೇ ಶಸ್ತ್ರಚಿಕಿತ್ಸೆಯಾಗಿತ್ತು, ವಾಸಿಯಾಗುತ್ತದೆ ಎಂಬ ಭರವಸೆ. ಒಂದು ತಮಾಷೆ: ಗುಟ್ಟು ಹೊರಬೀಳದಿರಲಿ ಎಂದು ಆಸ್ಪತ್ರೆಯಲ್ಲಿ ಅವನು ಬರೆಸಿದ್ದ ಹೆಸರು ಥಾಮಸ್ ಬ್ರೇಡಿ. ಮುಂದೆ ಏಳು ಸೂಪರ್ ಬೌಲ್ ಗೆಲ್ಲಲಿದ್ದ ನಿಜವಾದ ಟಾಮ್ ಬ್ರೇಡಿಗೆ ಆಗ ಐದು ವರ್ಷ.

ಅಷ್ಟಲ್ಲದೆ ಬೇಡವೆಂದದ್ದು ಸ್ಟೀಲರ್ಸ್ ಒಬ್ಬರೇ ಅಲ್ಲ. ನ್ಯೂಯಾರ್ಕ್ ಜೆಟ್ಸ್ ಸರದಿ ಬಂದಾಗ ಅವರು ಸಣ್ಣ ಕಾಲೇಜೊಂದರ ಕೆನ್ ಒಬ್ರಾಯನ್‌ನನ್ನು ಕರೆದರು. ಆದರೂ ಮಿಕ್ಕವರ ತಪ್ಪನ್ನು ಜನ ಮರೆತಿದ್ದಾರೆ, ಪಿಟ್ಸ್‌ಬರ್ಗಿನದನ್ನು ಮಾತ್ರ ಮರೆತಿಲ್ಲ. ಯಾಕೆಂದರೆ ಮಿಕ್ಕವರು ಅವನನ್ನು ದೂರದಿಂದ ನೋಡಿದವರು. ಇವರು ನಾಲ್ಕು ವರ್ಷ ಬೆಳಗಾಗೆದ್ದು ಪತ್ರಿಕೆಯಲ್ಲಿ ಅವನ ಮುಖವನ್ನೇ ನೋಡಿದವರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಅದನ್ನು ಸಸಾರದ ಮಾತು ಎಂದುಕೊಂಡಿದ್ದೆ. ಈ ಕಥೆ ಕೇಳಿದ ಮೇಲೆ ಬೇರೆ ಅರ್ಥ ಹೊಳೆಯಿತು. ಹಿತ್ತಲ ಗಿಡದ ಎಲೆ ಉದುರುವುದು, ಹುಳ ಹತ್ತುವುದು, ನಾಯಿ ಕಾಲೆತ್ತುವುದು ಎಲ್ಲ ನಮಗೆ ಕಾಣುತ್ತದೆ. ಅಂಗಡಿಯಿಂದ ತಂದ ಬೇರು ಮಾತ್ರ ಕಾಗದದಲ್ಲಿ ಸುತ್ತಿ ಬಂದಿರುತ್ತದೆ. ಆ 23 ಎಸೆತಗಳನ್ನು ಪಿಟ್ಸ್‌ಬರ್ಗ್ ಕಣ್ಣಾರೆ ಕಂಡಿತ್ತು, ಆ ಗಾಳಿಮಾತನ್ನು ಮೊದಲು ಕೇಳಿದ್ದೂ ಅದೇ.

27ನೇ ಸರದಿ ಮಯಾಮಿ ಡಾಲ್ಫಿನ್ಸ್‌ನದು. ಜನವರಿಯಲ್ಲಿ ಸೂಪರ್ ಬೌಲ್ ಸೋತಿದ್ದರಿಂದ ಕೊನೆಯಿಂದ ಎರಡನೆಯವರು. ತರಬೇತುದಾರ ಡಾನ್ ಶೂಲಾ, ಮರೀನೋ ಅಷ್ಟು ಕೆಳಗೆ ಬರುತ್ತಾನೆಂದು ಕನಸಲ್ಲೂ ಎಣಿಸಿರದವರು, ಬಾಚಿಕೊಂಡರು. ಮರುವರ್ಷವೇ ಮರೀನೋ 5,084 ಗಜ, 48 ಟಚ್‌ಡೌನ್ ಎಸೆದ. ಅದಕ್ಕೆ ಮುಂಚಿನ ದಾಖಲೆ 36. ಆ 48ನ್ನು ಮೀರಲು ಇಪ್ಪತ್ತು ವರ್ಷ ಹಿಡಿಯಿತು.

1985ರ ಜನವರಿ 6ರಂದು, ಸೂಪರ್ ಬೌಲ್‌ಗೆ ಹಿಂದಿನ ಮೆಟ್ಟಿಲಲ್ಲಿ ಮಯಾಮಿಗೆ ಎದುರಾಗಿ ಬಂದದ್ದು ಸ್ಟೀಲರ್ಸ್! 421 ಗಜ, ನಾಲ್ಕು ಟಚ್‌ಡೌನ್. 45-28. ತವರಿನವರಿಗೆ ಇದಕ್ಕಿಂತ ಚೆನ್ನಾಗಿ ಕಾಗದ ಬರೆಯಲು ಯಾರಿಂದಲೂ ಆಗದು. ಮತ್ತೊಂದು ಕೇಳಿ: ಮಯಾಮಿಯಲ್ಲಿ ಮರೀನೋ ಬಂದು ಜಾಗ ಕಳೆದುಕೊಂಡ ಡೇವಿಡ್ ವುಡ್ಲಿಯನ್ನು 1984ರಲ್ಲಿ ಕರೆದು ತಂದು ಆಡಿಸಿದ್ದು ಇದೇ ಸ್ಟೀಲರ್ಸ್.

ರಿವೇರಾನ ಮಾತು ಬಂದಾಗ ಪಕ್ಕದ ಮನೆಯವರ ದನಿ ಇಳಿಯುತ್ತಿತ್ತು. ಆಡಿದ್ದು ಆರೇ ಪಂದ್ಯ. 1983ರ ಅಕ್ಟೋಬರ್ 20ರ ರಾತ್ರಿ ಕುಡಿದು ಕಾರು ಓಡಿಸುತ್ತಿದ್ದ, ಸೀಟ್ ಬೆಲ್ಟ್ ಹಾಕಿರಲಿಲ್ಲ, ಇನ್ನೊಂದು ಕಾರಿಗೆ ಡಿಕ್ಕಿಯಾಗಿ ಹೊರಕ್ಕೆ ಎಸೆಯಲ್ಪಟ್ಟ. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವಯಸ್ಸು ಇಪ್ಪತ್ತೆರಡು. ಮಿಕ್ಕ ಆಯುಷ್ಯವೆಲ್ಲ ಗಾಲಿಕುರ್ಚಿಯಲ್ಲಿ ಕಳೆದು 2018ರಲ್ಲಿ ತೀರಿಕೊಂಡ. ಅವನಿಗೆ ಇನ್ನೊಂದು ಪಾಡೂ ಇತ್ತು. ಯಾರೇ ಅವನ ಹೆಸರೆತ್ತಿದರೂ ಮರೀನೋ ಬದಲು ಬಂದವನು ಎಂದೇ ಎತ್ತಿದರು. ನಾನೂ ಈಗ ಹಾಗೆಯೇ ಎತ್ತಿದೆನಲ್ಲ. ಬ್ರ್ಯಾಡ್‌ಶಾನ ಮೊಣಕೈಯೂ ವಾಸಿಯಾಗಲಿಲ್ಲ. ಆ ಋತುವಿನಲ್ಲಿ ಒಂದೇ ಪಂದ್ಯಕ್ಕೆ ಇಳಿದ, ಮರುವರ್ಷ ನಿವೃತ್ತಿ. ನೋಲ್ ಅವರ ಲೆಕ್ಕದ ಎರಡೂ ಕಾಲು ಮುರಿದವು. ಏಪ್ರಿಲ್‌ನಲ್ಲಿ ಅದನ್ನು ಯಾವ ಜೋಯಿಸರು ಹೇಳಬಹುದಿತ್ತು?

ತಂಡದ ಹಿರಿಯ ಒಡೆಯ ಆರ್ಟ್ ರೂನಿಗೆ ಈ ಕೊರಗು ಮೊದಲನೆಯದಲ್ಲ. ಪಿಟ್ಸ್‌ಬರ್ಗಿನಲ್ಲೇ ಹುಟ್ಟಿದ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್‌ನನ್ನು 1955ರಲ್ಲಿ ಒಂಬತ್ತನೇ ಸುತ್ತಿನಲ್ಲಿ ಆರಿಸಿ, ಋತು ಶುರುವಾಗುವ ಮೊದಲೇ ಮನೆಗೆ ಕಳಿಸಿದ್ದರು. ಆ ಹುಡುಗ ಬ್ಲೂಮ್‌ಫೀಲ್ಡ್ ಬಡಾವಣೆಯ ಅರೆವೃತ್ತಿಪರ ತಂಡದಲ್ಲಿ ಪಂದ್ಯಕ್ಕೆ ಆರು ಡಾಲರಿನಂತೆ ಆಡಿ, ಮರುವರ್ಷ ಬಾಲ್ಟಿಮೋರ್ ಸೇರಿ, ಆಟದ ಚರಿತ್ರೆಯ ದೊಡ್ಡ ಹೆಸರಾದ. ಈಗ ಮರೀನೋ. ಮಗ ಡ್ಯಾನ್ ರೂನಿಗೆ ಮುದುಕರು 1988ರಲ್ಲಿ ಕಣ್ಣುಮುಚ್ಚುವ ತನಕ ಮರೀನೋನನ್ನು ತೆಗೆದುಕೊಳ್ಳಬೇಕಿತ್ತು ಎಂದು ಚುಚ್ಚುತ್ತಲೇ ಇದ್ದರಂತೆ. ಆ ಮುಳ್ಳು ಮಗನಲ್ಲಿ ಉಳಿಯಿತು. 2004ರ ಡ್ರಾಫ್ಟಿನಲ್ಲಿ ಅಧಿಕಾರಿಗಳ ಮಾತು ಬೇರೆ ಕಡೆ ತಿರುಗಿದಾಗ, ಮರೀನೋ ವಿಷಯದಲ್ಲಿ ಆದದ್ದು ಇನ್ನೊಮ್ಮೆ ಆಗಬಾರದೆಂದು ತಾನೇ ಚರ್ಚೆಯನ್ನು ಬೆನ್ ರಾತ್ಲಿಸ್‌ಬರ್ಗರ್ ಕಡೆಗೆ ಎಳೆದೆ ಎಂದು ಅವರೇ ಬರೆದುಕೊಂಡಿದ್ದಾರೆ. ಆ ರಾತ್ಲಿಸ್‌ಬರ್ಗರ್ ಎರಡು ಸೂಪರ್ ಬೌಲ್ ತಂದುಕೊಟ್ಟ. ಊರಿನವನಲ್ಲ, ಪಕ್ಕದ ಒಹಾಯೊ ರಾಜ್ಯದವನು.

ಮರೀನೋಗೆ ಆ ಭಾಗ್ಯವಿರಲಿಲ್ಲ. ಹದಿನೇಳು ಋತು, 61,361 ಗಜ, 420 ಟಚ್‌ಡೌನ್, ಒಂದೇ ಒಂದು ಸೂಪರ್ ಬೌಲ್ ಪಂದ್ಯ. ಅದರಲ್ಲೂ 38-16ರಲ್ಲಿ ಸೋಲು. ಸೋಲಿಸಿದ ಜೋ ಮೊಂಟಾನ ಬೆಳೆದದ್ದು ಪಿಟ್ಸ್‌ಬರ್ಗಿಗೆ ಹತ್ತಿರದ ಮನಾಂಗಹೀಲ ನದಿಯ ದಂಡೆಯಲ್ಲಿ. ಯುನೈಟಸ್, ನೇಮತ್, ಮೊಂಟಾನ, ಮರೀನೋ, ಕೆಲಿ: ಎಲ್ಲ ಆ ಸೀಮೆಯ ಹುಡುಗರೇ. ಅಲ್ಲಿ ಕಬ್ಬಿಣ, ಕಲ್ಲಿದ್ದಲ ಹಾಗೆ ಕ್ವಾರ್ಟರ್‌ಬ್ಯಾಕ್‌ಗಳೂ ನೆಲದಿಂದ ಏಳುತ್ತಿದ್ದರು, ಊರು ಮಾತ್ರ ಅವರನ್ನು ರಫ್ತು ಮಾಡಿತು.

ಇನ್ನು ಆ ರಾತ್ರಿ ಚಪ್ಪಾಳೆ ತಟ್ಟಿಸಿದ ಪಿಕೆಟ್. ನ್ಯೂಜೆರ್ಸಿಯಲ್ಲಿ ಹುಟ್ಟಿದವನು, ಆದರೆ ಐದು ಋತು ಪಿಟ್‌ಗೆ ಆಡಿ ಮರೀನೋನ ದಾಖಲೆಗಳನ್ನೇ ಮುರಿದವನು. ಪಿಟ್ ಮತ್ತು ಸ್ಟೀಲರ್ಸ್ ತಾಲೀಮು ನಡೆಸುವುದು ಒಂದೇ ಆವರಣದಲ್ಲಿ, ಪಂದ್ಯವಾಡುವುದೂ ಒಂದೇ ಕ್ರೀಡಾಂಗಣದಲ್ಲಿ. ಈ ಸಲ ಹಿತ್ತಲ ಗಿಡವನ್ನೇ ಕಿತ್ತು ಅರೆದು ಕುಡಿದರು. ರೋಗ ವಾಸಿಯಾಗಲಿಲ್ಲ. ಎರಡೇ ಋತು. 2024ರ ಮಾರ್ಚ್‌ನಲ್ಲಿ ಅವನನ್ನು ರಾಜ್ಯದ ಇನ್ನೊಂದು ತುದಿಯ ಫಿಲಡೆಲ್ಫಿಯಾ ತಂಡಕ್ಕೆ ಸಾಗಿಸಿದರು.

2025ರ ಫೆಬ್ರವರಿ 10, ನಮಗೆ ಸೋಮವಾರ ಬೆಳಿಗ್ಗೆ. ಕಾಫಿ ಲೋಟ ಹಿಡಿದು ಸೂಪರ್ ಬೌಲ್ ನೋಡುತ್ತಿದ್ದೆ. ಫಿಲಡೆಲ್ಫಿಯಾ ಗೆಲುವು ಖಾತ್ರಿಯಾಗಿತ್ತು. ಕೊನೆಯ ಮೂರು ನಿಮಿಷಕ್ಕೆ ಮುಖ್ಯ ಆಟಗಾರನನ್ನು ಹೊರಗೆ ಕೂರಿಸಿ ಬದಲಿಯನ್ನು ಇಳಿಸಿದರು. ನೋಡಿದರೆ ಪಿಕೆಟ್! 40-22. ಮರೀನೋಗೆ ಹದಿನೇಳು ಋತುವಿನಲ್ಲಿ ದಕ್ಕದ, ಗೆದ್ದ ತಂಡದವರಿಗೆ ಕೊಡುವ ಉಂಗುರ ಈ ಹುಡುಗನ ಬೆರಳಿಗೆ.

ತಡೆಯಲಾಗದೆ ಮಗಳಿಗೆ ಫೋನ್ ಮಾಡಿದೆ. ‘ಪಕ್ಕದ ಮನೆಯವರು ಏನಂದರಮ್ಮ?’

‘ಅವರಾ? ಅರ್ಧ ಆಟಕ್ಕೇ ಟೀವಿ ಆರಿಸಿ ಮಲಗಿದರು, ಅಪ್ಪ. ದೀಪವೂ ಇಲ್ಲ.’

ನಮಸ್ಕಾರ.