ಹೆಣ್ಣು ಸೌತೆಯ ಬೀಜ: ಕುಡಿಯಿಂದ ಬೆಳೆಸಿದ ಬಳ್ಳಿಯಲ್ಲಿ ಗಂಡು ಹೂ ಬರಿಸುವ ಕ್ರಮ

ಬೀಜ ಬೆಳೆಯುವ ರೈತ ಬಾಂಧವರೇ,

ರಾಣೆಬೆನ್ನೂರು ಸೀಮೆಯಲ್ಲಿ ಕೈ ಪರಾಗಸ್ಪರ್ಶ ಗೊತ್ತಿಲ್ಲದ ಊರು ಕಡಿಮೆ. ಟೊಮೆಟೊ, ಮೆಣಸಿನಕಾಯಿ, ಬದನೆಯಲ್ಲಿ ವರ್ಷಗಟ್ಟಲೆ ‘ಕ್ರಾಸಿಂಗ್’ ಮಾಡಿದ ನಿಮಗೆ ಹೂ ಮುಟ್ಟುವುದನ್ನು ಕಲಿಸಬೇಕಾಗಿಲ್ಲ. ಇವತ್ತಿನ ವಿಷಯ ಅದಕ್ಕೂ ಹಿಂದಿನದು. ಮಿಡಿಸೌತೆ ಮತ್ತು ಪಾಲಿಹೌಸ್ ಸೌತೆಯ ಹೈಬ್ರಿಡ್‌ಗಳಿಗೆ ತಾಯಿಯಾಗುವುದು ಗೆಣ್ಣುಗೆಣ್ಣಿಗೂ ಹೆಣ್ಣು ಹೂ ಮಾತ್ರ ಬಿಡುವ ತಳಿ. ಗಂಡು ಹೂವೇ ಬಿಡದ ಆ ತಳಿಯ ಬೀಜವನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದು ಹೇಗೆ?

ನಮ್ಮ ನಾಟಿ ಸೌತೆಯಲ್ಲಿ ಬುಡದ ಗೆಣ್ಣುಗಳಲ್ಲಿ ಗಂಡು ಹೂಗಳೇ ಗೊಂಚಲಾಗಿ ಬರುತ್ತವೆ. ಬಳ್ಳಿ ಮೇಲೇರಿದಂತೆ ಗಂಡು, ಹೆಣ್ಣು ಎರಡೂ ಕಾಣುತ್ತವೆ. ಹೆಣ್ಣು ತಳಿಯಲ್ಲಿ ಈ ಕ್ರಮವೇ ಇಲ್ಲ, ಏಕೆಂದರೆ ಅದರ ಕುಡಿಯಲ್ಲಿ ಎಥಿಲೀನ್ ಹೆಚ್ಚು ತಯಾರಾಗುತ್ತದೆ. ಹಣ್ಣನ್ನು ಮಾಗಿಸುವ ಅದೇ ಅನಿಲ ಸೌತೆಯಲ್ಲಿ ಮೊಗ್ಗನ್ನು ಹೆಣ್ಣಿನ ಕಡೆಗೆ ತಿರುಗಿಸುತ್ತದೆ. ಗಿಡದ ಬೆಳವಣಿಗೆಯ ಚೋದಕವಾದ ಜಿಬ್ಬರೆಲಿಕ್ ಆಮ್ಲ ಗಂಡಿನ ಕಡೆಗೆ ಎಳೆಯುತ್ತದೆ. ಹೆಣ್ಣು ತಳಿಯ ಮೇಲೆ ಜಿಬ್ಬರೆಲಿಕ್ ಸಿಂಪಡಿಸಿ ಗಂಡು ಹೂ ಬರಿಸಬಹುದೆಂದು ಅಮೆರಿಕದ ಮಿಷಿಗನ್‌ನಲ್ಲಿ ತೋರಿಸಿದ್ದು 1960ರಲ್ಲಿ. ಬೆಳ್ಳಿಯ ಅಯಾನು ಎಥಿಲೀನಿನ ಕೆಲಸವನ್ನೇ ತಡೆಯುತ್ತದೆ ಎಂಬುದನ್ನು ಸಸ್ಯವಿಜ್ಞಾನಿ ಎಲ್ಮೊ ಬೇಯರ್ 1976ರಲ್ಲಿ ಪ್ರಕಟಿಸಿದರು. ಬೆಳ್ಳಿ ತಗುಲಿದ ಕುಡಿಯಲ್ಲಿ ಎಥಿಲೀನ್ ಇರುತ್ತದೆ, ಆದರೆ ಗಿಡಕ್ಕೆ ಅದರ ಸುದ್ದಿ ಮುಟ್ಟುವುದಿಲ್ಲ. ಆ ಅವಧಿಯಲ್ಲಿ ರೂಪುಗೊಂಡ ಮೊಗ್ಗು ಗಂಡಾಗುತ್ತದೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬೆಳ್ಳಿಯಿಂದ ಬಂದ ಗಂಡು ಹೂ ಗಿಡದ ಗುಣವಲ್ಲ, ಅದು ಸಂತಾನಕ್ಕೆ ಇಳಿಯುವುದಿಲ್ಲ. ಹೆಣ್ಣು ತಳಿಯಲ್ಲಿ ತಾನಾಗಿಯೇ ಬಂದ ಗಂಡು ಹೂ ಗಿಡದ ದೋಷ, ಅದು ಇಳಿಯುತ್ತದೆ. ನೋಡಲು ಎರಡೂ ಒಂದೇ ಥರ. ಔಷಧಿ ಹೊಡೆದ ಬಳ್ಳಿಯ ಮೇಲೆ ಇವುಗಳನ್ನು ಬೇರ್ಪಡಿಸಲು ಯಾವ ದಾರಿಯೂ ಇಲ್ಲ. ‘ಹೇಗೂ ಗಂಡು ಹೂ ಬಂದಿದೆಯಲ್ಲ, ಔಷಧಿ ಉಳಿಯಿತು’ ಎಂದು ತಾನಾಗಿ ಬಂದ ಹೂವಿನ ಪರಾಗ ಬಳಸಿದವರ ತಳಿ ಕೆಲವೇ ಪೀಳಿಗೆಯಲ್ಲಿ ಕೆಡುತ್ತದೆ.

ಈ ತೊಡಕಿಗಾಗಿಯೇ ಕುಡಿ ಕತ್ತರಿಸಿ ಬೇರು ಬರಿಸುವ ವಿಧಾನವನ್ನು ಒತ್ತಿ ಹೇಳುತ್ತೇನೆ. ಒಂದೇ ಬಳ್ಳಿಯಿಂದ ತೆಗೆದ ಕುಡಿಗಳೆಲ್ಲ ಗುಣದಲ್ಲಿ ಒಂದೇ. ಕೆಲವಕ್ಕೆ ಬೆಳ್ಳಿ ಸಿಂಪಡಿಸಿದರೆ ಅವು ಪರಾಗ ಕೊಡುತ್ತವೆ. ಸಿಂಪಡಿಸದೆ ಬಿಟ್ಟವು ಬೀಜ ಕಟ್ಟುತ್ತವೆ, ಜೊತೆಗೆ ಆ ಬಳ್ಳಿ ನಿಜವಾಗಿ ಎಷ್ಟು ಹೆಣ್ಣು ಎಂಬುದಕ್ಕೆ ಸಾಕ್ಷಿಯನ್ನೂ ಹೇಳುತ್ತವೆ. ಸಾಕ್ಷಿ ಬಳ್ಳಿಯಲ್ಲಿ ಒಂದೇ ಒಂದು ಗಂಡು ಮೊಗ್ಗು ಕಂಡರೂ ಆ ತಾಯಿಯ ಕಾಯಿಗಳನ್ನೆಲ್ಲ ಬೀಜಕ್ಕೆ ಬಿಡದೆ ಕಿತ್ತುಹಾಕಿ.

ತಾಯಿಬಳ್ಳಿಯನ್ನು ಆರಿಸುವುದು ಬೇಸಿಗೆಯ ಬಿಸಿಲಲ್ಲಿ. ಸೆಖೆ ಮತ್ತು ದೀರ್ಘ ಹಗಲು ಸೌತೆಯನ್ನು ಗಂಡಿನ ಕಡೆಗೆ ತಳ್ಳುತ್ತವೆ, ತಂಪು ಮತ್ತು ಚಿಕ್ಕ ಹಗಲು ಹೆಣ್ಣಿನ ಕಡೆಗೆ. ಡಿಸೆಂಬರಿನಲ್ಲಿ ಶುದ್ಧ ಹೆಣ್ಣಾಗಿ ಕಂಡ ಬಳ್ಳಿ ಏಪ್ರಿಲ್‌ನಲ್ಲಿ ಗಂಡು ಹೂ ತೋರಿಸಬಹುದು. ಅಂಗಡಿಯ ಹೈಬ್ರಿಡ್‌ನಿಂದ ಆರಂಭಿಸುವವರು ಇನ್ನೊಂದನ್ನು ತಿಳಿದಿರಬೇಕು. ತಾಯಿ ಹೆಣ್ಣು ತಳಿ, ತಂದೆ ಸಾಮಾನ್ಯ ತಳಿ ಆಗಿದ್ದ ಹೈಬ್ರಿಡ್‌ನಲ್ಲಿ ಹೆಣ್ಣುಗುಣದ ವಂಶವಾಹಿ ಒಂದೇ ಪ್ರತಿ ಇರುತ್ತದೆ. ಅದನ್ನು ಸ್ವಪರಾಗಕ್ಕೆ ಒಳಪಡಿಸಿದರೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ಎರಡು ಪ್ರತಿಯ ಗಟ್ಟಿ ಹೆಣ್ಣು. ಎರಡು ಪಾಲು ಹವೆಗೆ ತಕ್ಕಂತೆ ಬದಲಾಗುವ ಅರೆಹೆಣ್ಣು, ಉಳಿದ ಒಂದು ಪಾಲು ನಾಟಿಯಂತೆ ಗಂಡು, ಹೆಣ್ಣು ಎರಡೂ ಬಿಡುವಂಥದ್ದು. ಗಟ್ಟಿ ಹೆಣ್ಣು ಯಾವುದೆಂದು ಖಚಿತವಾಗಲು ಮುಂದಿನ ಪೀಳಿಗೆಯನ್ನೂ ಬೆಳೆದು ನೋಡಬೇಕು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ ಪ್ರಕಾರ ಬೀಜ ಉಳಿಸಿ ಬಿತ್ತುವ ಹಕ್ಕು ರೈತರಿಗಿದೆ. ಆದರೆ ನೋಂದಾಯಿತ ತಳಿಯನ್ನು ಮತ್ತೆ ಮತ್ತೆ ಪೋಷಕ ತಳಿಯಾಗಿ ಬಳಸಿ ವ್ಯಾಪಾರದ ಹೈಬ್ರಿಡ್ ತೆಗೆಯಲು ತಳಿಯ ಒಡೆಯರ ಅನುಮತಿ ಬೇಕು.

ಕುಡಿಯನ್ನು ಬೆಳಗಿನ ತಂಪಿನಲ್ಲಿ ತೆಗೆಯಿರಿ. ಪಕ್ಕದ ಕವಲಿನಿಂದ ಎರಡು ಮೂರು ಗೆಣ್ಣಿನ, 10ರಿಂದ 12 ಸೆಂ.ಮೀ. ಉದ್ದದ ತುದಿ ಸಾಕು. ಗೆಣ್ಣಿನ ಕೆಳಗೇ ಕತ್ತರಿಸಿ, ಬುಡದ ಎಲೆ, ಹೂಮೊಗ್ಗು, ಸುರುಳಿ ಎಳೆಗಳನ್ನು ಚಿವುಟಿ ತೆಗೆಯಿರಿ. ತೊಳೆದ ಕೊಕೊಪೀಟ್ ಮತ್ತು ಪರ್ಲೈಟ್ ಮಿಶ್ರಣದಲ್ಲಿ ಒಂದು ಗೆಣ್ಣು ಹೂಳಿ, ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಇಡಿ. ತೇವದ ಗಾಳಿ ಸಿಕ್ಕರೆ ಸೌತೆಗೆ ಒಂದು ವಾರದಿಂದ ಹತ್ತು ದಿನದಲ್ಲಿ ಬೇರು ಬರುತ್ತದೆ. ಕೊಳೆಯುವುದು ಸಾಮಾನ್ಯವಾಗಿ ಮಿಶ್ರಣ ಒದ್ದೆಯಾಗಿ ಸೋರದೆ ನಿಂತಾಗ. ಮೊಸಾಯಿಕ್ ರೋಗದ ಬಳ್ಳಿಯಿಂದ ಕುಡಿ ಬೇಡವೇ ಬೇಡ, ವೈರಸ್ ಕುಡಿಯ ಜೊತೆಗೇ ಬರುತ್ತದೆ. ಬ್ಲೇಡನ್ನು ಬಳ್ಳಿಯಿಂದ ಬಳ್ಳಿಗೆ ಸ್ಪಿರಿಟ್‌ನಲ್ಲಿ ಒರೆಸಿ.

ಈಗ ಔಷಧಿ. ಸರಳವಾದದ್ದು ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್, 250 ಪಿಪಿಎಂ, ಅಂದರೆ ಲೀಟರಿಗೆ 250 ಮಿ.ಗ್ರಾಂ. ಮನೆಯ ತಕ್ಕಡಿಯಲ್ಲಿ ಕಾಲು ಗ್ರಾಂ ಸರಿಯಾಗಿ ತೂಗಲಾಗದು. ಆದ್ದರಿಂದ 1 ಗ್ರಾಂ ಅನ್ನು 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಕಂದು ಬಾಟಲಿಯಲ್ಲಿ ಇಟ್ಟುಕೊಂಡು, ಅದರಿಂದ 25 ಮಿ.ಲೀ. ತೆಗೆದು ಒಟ್ಟು ಒಂದು ಲೀಟರ್ ಆಗುವಷ್ಟು ಡಿಸ್ಟಿಲ್ಡ್ ನೀರು ಸೇರಿಸಿ. ಬೋರ್‌ವೆಲ್ ನೀರು ಬೆರೆಸಿದರೆ ಅದರ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಅಂಥದ್ದನ್ನು ಹೊಡೆದು ಪ್ರಯೋಜನವಿಲ್ಲ. ಹಲವರ ಸೋಲಿಗೆ ನೀರೇ ಕಾರಣ, ತಳಿಯಲ್ಲ.

ಎಲೆ ಸುಡುವುದು ಕಡಿಮೆಯಾಗಿ, ಗಿಡದೊಳಗೆ ಬೆಳ್ಳಿ ಚೆನ್ನಾಗಿ ಸಾಗಬೇಕೆಂದರೆ ಸಿಲ್ವರ್ ಥಯೋಸಲ್ಫೇಟ್ ಮೇಲು. 1.7 ಗ್ರಾಂ ಸಿಲ್ವರ್ ನೈಟ್ರೇಟ್ ಅನ್ನು 100 ಮಿ.ಲೀ. ನೀರಿನಲ್ಲಿ, 2.5 ಗ್ರಾಂ ಹರಳು ಸೋಡಿಯಂ ಥಯೋಸಲ್ಫೇಟ್ ಅನ್ನು ಬೇರೆ 100 ಮಿ.ಲೀ. ನೀರಿನಲ್ಲಿ ಕರಗಿಸಿ. ಥಯೋಸಲ್ಫೇಟ್ ದ್ರಾವಣ 80 ಮಿ.ಲೀ. ತೆಗೆದುಕೊಂಡು, ಕಲಕುತ್ತಲೇ ಬೆಳ್ಳಿಯ ದ್ರಾವಣ 20 ಮಿ.ಲೀ. ಅನ್ನು ಸ್ವಲ್ಪ ಸ್ವಲ್ಪವಾಗಿ ಅದಕ್ಕೆ ಸುರಿಯಿರಿ. ಕ್ರಮ ತಿರುಗಿಸಿ ಬೆಳ್ಳಿಗೆ ಥಯೋಸಲ್ಫೇಟ್ ಸುರಿದರೆ ಕಂದು, ಕಪ್ಪು ಗಸಿ ಕೂರುತ್ತದೆ, ಚೆಲ್ಲಬೇಕಾಗುತ್ತದೆ. ಸಿಂಪಡಣೆಗೆ ಈ ಮಿಶ್ರಣದ 15 ಮಿ.ಲೀ.ಗೆ ನೀರು ಸೇರಿಸಿ 100 ಮಿ.ಲೀ. ಮಾಡಿ, ಅಂದೇ ಬಳಸಿ. ಜಿಬ್ಬರೆಲಿಕ್ ಆಮ್ಲವನ್ನು 1500 ಪಿಪಿಎಂನಲ್ಲಿ ಕೊಡುವವರೂ ಇದ್ದಾರೆ. ಅದರಲ್ಲಿ ಗೆಣ್ಣಿನ ಅಂತರ ಉದ್ದವಾಗಿ ಬಳ್ಳಿ ಸೊರಗುತ್ತದೆ, ಗಂಡು ಹೂವೂ ಕಡಿಮೆ. ನನ್ನ ಒಲವು ಬೆಳ್ಳಿಗೇ.

ಬೀಜದಿಂದ ಬಂದ ಸಸಿಗೆ ಎರಡು ನಿಜ ಎಲೆ ಬಿಚ್ಚಿದಾಗ ಮೊದಲ ಸಿಂಪಡಣೆ, ವಾರದ ನಂತರ ಎರಡನೆಯದು. ಕುಡಿಯಿಂದ ಬಂದ ಗಿಡದ ಲೆಕ್ಕ ಬೇರೆ. ಕತ್ತರಿಸುವ ಹೊತ್ತಿಗೇ ಅದರ ತುದಿಯೊಳಗೆ ಮುಂದಿನ ಹಲವು ಗೆಣ್ಣುಗಳ ಮೊಗ್ಗು ಹೆಣ್ಣೆಂದು ತೀರ್ಮಾನವಾಗಿರುತ್ತದೆ, ಬೆಳ್ಳಿ ಅದನ್ನು ಬದಲಿಸದು. ಬೇರು ಬಿಟ್ಟು ಹೊಸ ಎಲೆ ಎರಡು ಮೂಡಿದ ಮೇಲೆ ಸಂಜೆ ಹೊತ್ತು ತುದಿ ಪೂರ್ತಿ ನೆನೆಯುವಂತೆ ಹೊಡೆಯಿರಿ, ವಾರ ಬಿಟ್ಟು ಮತ್ತೊಮ್ಮೆ. ಅದರ ನಂತರವೂ ಕೆಲವು ಗೆಣ್ಣುಗಳಲ್ಲಿ ಹೆಣ್ಣು ಹೂವೇ ಬರುತ್ತದೆ. ‘ಔಷಧಿ ಹಿಡಿಯಲಿಲ್ಲ’ ಎಂದು ಮೂರನೇ, ನಾಲ್ಕನೇ ಸಲ ಹೊಡೆದು ಕುಡಿ ಸುಡುವವರು ಎಡವುವುದು ಇಲ್ಲೇ. ಆ ಹೆಣ್ಣು ಹೂಗಳನ್ನು ಚಿವುಟಿ ಬಳ್ಳಿಯನ್ನು ಮೇಲೇರಿಸಿ, ಗಂಡು ಹೂವಿನ ಗೊಂಚಲು ಮೇಲೆ ಕಾಣುತ್ತದೆ. ಬೆಳ್ಳಿಯ ಪ್ರಭಾವ ತೀರಿದ ಮೇಲೆ ಬಳ್ಳಿ ಮತ್ತೆ ಹೆಣ್ಣಿಗೇ ಮರಳುತ್ತದೆ. ಪರಾಗ ಸಿಗುವ ದಿನಗಳು ಕೆಲವೇ ಆದ್ದರಿಂದ ಬೀಜದ ಬಳ್ಳಿಗಾಗಿ ಕುಡಿಗಳನ್ನು ಸುಮಾರು ಹತ್ತು ದಿನ ತಡವಾಗಿ ತೆಗೆಯಿರಿ, ಮತ್ತು ಅವುಗಳ ಮೊದಲ ನಾಲ್ಕೈದು ಗೆಣ್ಣಿನ ಹೂ ಕೀಳಿ. ಬುಡದಲ್ಲಿ ಕಾಯಿ ಕಚ್ಚಿದರೆ ಮೇಲಿನ ಹೂಗಳು ಉದುರುತ್ತವೆ.

ಮರುದಿನ ಅರಳಲಿರುವ ಮೊಗ್ಗಿನ ತುದಿ ಹಿಂದಿನ ಸಂಜೆ ಹಳದಿಯಾಗುತ್ತದೆ. ಆಗಲೇ ಗಂಡು, ಹೆಣ್ಣು ಎರಡಕ್ಕೂ ಬಟರ್ ಪೇಪರ್ ಚೀಲ ಹಾಕಿ. ಬೆಳಿಗ್ಗೆ 6ರಿಂದ 9ರೊಳಗೆ ಗಂಡು ಹೂವಿನ ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ಪರಾಗ ಹಿಡಿಯುವ ಮೂರು ಹೋಳಿನ ಶಲಾಕಾಗ್ರದ ಪ್ರತಿ ಹೋಳಿಗೂ ಪರಾಗ ತಾಗುವಂತೆ ಉಜ್ಜಿ. ಒಂದೇ ಕಡೆ ಉಜ್ಜಿದರೆ ಕಾಯಿ ಸೊಟ್ಟಗಾಗಿ ಬೀಜ ಒಂದೇ ತುದಿಯಲ್ಲಿ ತುಂಬುತ್ತದೆ. ಚೀಲ ಮತ್ತೆ ಹಾಕಿ, ತಾಯಿಯ ಗುರುತು ಮತ್ತು ದಿನಾಂಕ ಬರೆದ ಚೀಟಿ ಕಟ್ಟಿ. ಬಳ್ಳಿಗೆ ಎರಡು ಮೂರು ಕಾಯಿಗಿಂತ ಹೆಚ್ಚು ಬೇಡ. ಪರಾಗವಿಲ್ಲದೆ ಕಾಯಿ ಕಚ್ಚುವ ತಳಿಗಳಲ್ಲಿ ಕಾಯಿ ಉಬ್ಬಿತೆಂದು ನಂಬಬೇಡಿ. ಕ್ರಾಸಿಂಗ್ ತಪ್ಪಿದ ಹೂವೂ ಉಬ್ಬುತ್ತದೆ, ಒಳಗೆ ಬರೀ ಪೊಳ್ಳು ಸಿಪ್ಪೆ.

ಪಕ್ಕದ ಹೊಲದ ಸಾಂಬಾರ್ ಸೌತೆಗೆ ಹೆದರಬೇಕಿಲ್ಲ, ಅದು ಕರಬೂಜದ ಜಾತಿ, ಬೆರೆಯದು. ಆದರೆ ಮಲೆನಾಡಿನ ಅಂಚಿನಲ್ಲಿ ಬೇಲಿ ಮೇಲೆ ಹಬ್ಬುವ ಕಹಿಯ ಕಾಡುಸೌತೆ ಬೆರೆಯುತ್ತದೆ, ಕಹಿಯೂ ಬೀಜಕ್ಕೆ ಇಳಿಯುತ್ತದೆ. ಜೇನು ನುಗ್ಗದ ಬಲೆಮನೆ ಇದ್ದರೆ ಈ ಚಿಂತೆ ಇಲ್ಲ.

ಕ್ರಾಸಿಂಗ್ ಆದ 30ರಿಂದ 40 ದಿನಕ್ಕೆ ಕಾಯಿ ಹಳದಿಗೋ ಕಂದಿಗೋ ತಿರುಗುತ್ತದೆ. ಕೊಯ್ದು ನೆರಳಲ್ಲಿ ಐದಾರು ದಿನ ಇಟ್ಟು ಸೀಳಿ, ತಿರುಳಿನ ಸಮೇತ ಬೀಜವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದೆರಡು ದಿನ ಹುಳಿಯಲು ಬಿಡಿ. ಸೆಖೆಯಲ್ಲಿ ಒಂದೇ ದಿನ ಸಾಕು, ಮೀರಿದರೆ ಬೀಜ ಅಲ್ಲೇ ಮೊಳೆಯುತ್ತದೆ. ತೊಳೆದಾಗ ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನು ನೆರಳಲ್ಲಿ ತೆಳುವಾಗಿ ಹರಡಿ ಒಣಗಿಸಿ. ತೇವಾಂಶ ಶೇ. 6ರಿಂದ 7ಕ್ಕೆ ಇಳಿದ ಮೇಲಷ್ಟೇ ಗಾಳಿಯಾಡದ ಡಬ್ಬಿಗೆ ತುಂಬಿ.

ಬೆಳ್ಳಿ ಸಿಂಪಡಿಸಿದ ಬಳ್ಳಿಯ ಕಾಯಿ ತಿನ್ನಬಾರದು, ದನಕ್ಕೂ ಹಾಕಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಚರ್ಮಕ್ಕೆ ತಾಗಿದ ದ್ರಾವಣ ಕಪ್ಪು ಕಲೆ ಬಿಡುತ್ತದೆ, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಉಳಿದದ್ದನ್ನು ಕೆರೆ, ಕಾಲುವೆ, ಬಚ್ಚಲಿಗೆ ಸುರಿಯಬೇಡಿ, ಮೀನಿಗೂ ನೀರಿನ ಜೀವಿಗಳಿಗೂ ಅದು ವಿಷ. ಬಾಟಲಿಯಲ್ಲಿ ಕಟ್ಟಿಟ್ಟು, ಹತ್ತಿರದ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ಸೇರಿಸಲು ಕೇಳಿ.

ಹೊಸ ಬೀಜವನ್ನು ಮಾರುವ ಇಲ್ಲವೇ ಹೈಬ್ರಿಡ್ ತಯಾರಿಗೆ ಇಳಿಸುವ ಮೊದಲು ಪ್ರತಿ ತಾಯಿಯ 50 ಬೀಜವನ್ನು ಫೆಬ್ರವರಿ ಕೊನೆಗೆ ಬೇರೆ ಸಾಲಿನಲ್ಲಿ ಬಿತ್ತಿ, ಯಾವ ಔಷಧಿಯೂ ಇಲ್ಲದೆ 15ನೇ ಗೆಣ್ಣಿನವರೆಗೆ ಬೆಳೆಸಿ, ಎರಡು ದಿನಕ್ಕೊಮ್ಮೆ ಮೊಗ್ಗು ನೋಡಿ. ಗಂಡು ಹೂ ತೋರಿಸಿದ ಸಾಲಿನ ಡಬ್ಬಿಯನ್ನು ಪಟ್ಟಿಯಿಂದ ತೆಗೆದುಹಾಕಿ. ತೋರಿಸದ ಸಾಲುಗಳ ಪಕ್ಕದ ಕವಲುಗಳಿಂದ ಮುಂದಿನ ಸುತ್ತಿನ ಕುಡಿಗಳನ್ನು ಆಗಲೇ ತೆಗೆದುಕೊಳ್ಳಬಹುದು.