ಚಕ್ರಕ್ಕೆ ತಲುಪುವ ಬಲ: ದುರ್ಗಮ ಹಾದಿಯ ವಾಹನದ ಎಂಜಿನ್ ಮತ್ತು ಗೇರ್ ವ್ಯವಸ್ಥೆ

ಸಭಿಕರೇ,

1941ರಲ್ಲಿ ತಯಾರಿಕೆ ಆರಂಭವಾದ ವಿಲ್ಲಿಸ್ ಎಂಬಿ ಜೀಪಿಗಿದ್ದದ್ದು 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್. ಇಂದಿನ ಸಾಧಾರಣ ಕಾರುಗಳಲ್ಲಿ ಹೆಚ್ಚಿನವು ಅದಕ್ಕಿಂತ ಬಲಶಾಲಿಯೇ ಆಗಿದ್ದರೂ ಆ ಜೀಪು ಹತ್ತುತ್ತಿದ್ದ ಏರಿನ ಬುಡದಲ್ಲೇ ಅವು ಏದುಸಿರು ಬಿಡುತ್ತವೆ. ನಾಲ್ಕೂ ಚಕ್ರಗಳಿಗೆ ಚಾಲನೆ ಇದ್ದದ್ದು ಇದಕ್ಕೆ ಅರ್ಧ ಕಾರಣ. ಉಳಿದರ್ಧ ಗುಣಾಕಾರದಲ್ಲಿದೆ: ಗೇರ್‌ಬಾಕ್ಸಿನ ಮೊದಲ ಗೇರ್, ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ) ಲೋ ರೇಂಜ್ ಎಂಬ ನಿಧಾನದ ಗೇರ್, ಆಕ್ಸಲ್ಲಿನ (ಚಕ್ರಗಳನ್ನು ತಿರುಗಿಸುವ ಅಚ್ಚಿನ) 4.88 ಅನುಪಾತ, ಇವು ಮೂರೂ ಒಂದನ್ನೊಂದು ಗುಣಿಸಿ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಚಕ್ರ ಮುಟ್ಟುವ ಹೊತ್ತಿಗೆ ಸುಮಾರು 25 ಪಟ್ಟು ಮಾಡುತ್ತಿದ್ದವು. ಗಾಡಿಯ ಪರ್ಫಾರ್ಮೆನ್ಸ್ ಹೆಚ್ಚಿಸಬೇಕೆಂದು ಬರುವವರೆಲ್ಲ ಎಂಜಿನ್ನಿನಿಂದ ಮಾತು ಶುರುಮಾಡುತ್ತಾರೆ. ನಾನು ಮಾತ್ರ ಮೊದಲು ಈ ಗುಣಾಕಾರವನ್ನು ಕೇಳುತ್ತೇನೆ.

ಒಂದು ಲೆಕ್ಕ ಮಾಡಿ ನೋಡೋಣ. ಮೊದಲ ಗೇರ್ 4, ಲೋ ರೇಂಜ್ 2.5, ಆಕ್ಸಲ್ ಅನುಪಾತ 4 ಎಂದಿಟ್ಟುಕೊಂಡರೆ ಒಟ್ಟು 40 ಆಯಿತು. ಅಂದರೆ ಎಂಜಿನ್ 40 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 31 ಇಂಚು ವ್ಯಾಸದ ಟೈರ್ ಹಾಕಿ ಎಂಜಿನ್ನನ್ನು 800 ಆರ್‌ಪಿಎಂನಲ್ಲಿ ಬಿಟ್ಟರೆ ಗಾಡಿ ಗಂಟೆಗೆ ಸುಮಾರು 3 ಕಿ.ಮೀ. ವೇಗದಲ್ಲಿ, ಕ್ಲಚ್ ಮುಟ್ಟುವ ಪ್ರಮೇಯವೇ ಇಲ್ಲದೆ, ಕಲ್ಲಿನ ಮೇಲೆ ತೆವಳುತ್ತದೆ. ಈಗ ಅಂದಕ್ಕೋ ನೆಲದಿಂದ ಎತ್ತರ ಸಿಗಲೆಂದೋ 35 ಇಂಚಿನ ಟೈರ್ ಹಾಕಿದಿರಿ ಎನ್ನೋಣ. ಅದೇ ಗಾಡಿ, ಅದೇ ಎಂಜಿನ್, ಆದರೆ ಪ್ರತಿ ಗೇರೂ ಶೇ. 13ರಷ್ಟು ಎತ್ತರಕ್ಕೆ ಹೋಗಿಬಿಟ್ಟಿತು (ಎಂಜಿನ್ ಅಷ್ಟೇ ಸುತ್ತು ತಿರುಗಿದರೂ ಗಾಡಿ ಅಷ್ಟು ಹೆಚ್ಚು ದೂರ ಹೋಗುತ್ತದೆ) ಮತ್ತು ನೆಲವನ್ನು ತಳ್ಳುವ ಬಲ ಅದಕ್ಕೆ ತಕ್ಕಂತೆ ಇಳಿಯಿತು. ಆಕ್ಸಲ್ಲಿನ ಅನುಪಾತವನ್ನು 4ರಿಂದ 4.56ಕ್ಕೆ ಬದಲಿಸಿದರೆ ಕಳೆದುಕೊಂಡದ್ದು ಹೆಚ್ಚುಕಡಿಮೆ ಪೂರ್ತಿ ವಾಪಸು ಬರುತ್ತದೆ. ದೊಡ್ಡ ಟೈರ್ ಹಾಕಿಸಿದ ಮೇಲೆ "ಎಂಜಿನ್ ಸೋತಿದೆ" ಎಂದು ಗೊಣಗುವ ಬಹುಪಾಲು ಜನರ ತೊಂದರೆ ಇಷ್ಟೇ.

ಆ ಗೊಣಗಾಟವನ್ನು ಒಮ್ಮೆ ನಾನೂ ಮಾಡಿದ್ದೇನೆ. ದೊಡ್ಡ ಟೈರ್ ಹಾಕಿಕೊಂಡು, ಹೈ ರೇಂಜಿನಲ್ಲೇ, ಸಡಿಲ ಜಲ್ಲಿಯ ಏರನ್ನು ಕ್ಲಚ್ಚಿನ ಮೇಲೆ ಅರ್ಧ ಕಾಲಿಟ್ಟು ಹತ್ತಿಸಲು ಹೋದೆ. ಮೂರನೇ ಪ್ರಯತ್ನಕ್ಕೆ ಕಮಟು ವಾಸನೆ ಬಂತು, ನಾಲ್ಕನೆಯದಕ್ಕೆ ಎಂಜಿನ್ನಿನ ಸದ್ದು ಏರಿತೇ ಹೊರತು ಗಾಡಿ ಕದಲಲಿಲ್ಲ. ಬಿಚ್ಚಿದಾಗ ಕ್ಲಚ್ ಒತ್ತಿಕೊಳ್ಳುವ ಫ್ಲೈವೀಲಿನ ಮುಖದ ಮೇಲೆ ನೀಲಿ ಕಲೆಗಳು ಸಾಲಾಗಿ ಎದ್ದಿದ್ದವು. ಲೋ ರೇಂಜಿನ ಲಿವರ್ ಕೈಯಳತೆಯಲ್ಲೇ ಇತ್ತು ಎಂಬುದು ನನಗಿಂದಿಗೂ ನಾಚಿಕೆಯ ವಿಷಯ. 2.5 ಅನುಪಾತದ ಆ ಲಿವರ್ ಚಕ್ರದ ಟಾರ್ಕನ್ನು ಎರಡೂವರೆ ಪಟ್ಟು ಮಾಡುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರನ್ನು (ಇಸಿಯು) ಹೆಚ್ಚು ಶಕ್ತಿಗಾಗಿ ರೀಮ್ಯಾಪ್ ಮಾಡಿಸಿದರೆ ಅದರ ಹತ್ತಿರಕ್ಕೂ ಬರಲಾಗದು. ಅದೂ ಅಲ್ಲದೆ ಟರ್ಬೊ ಡೀಸೆಲ್‌ನಲ್ಲಿ ರೀಮ್ಯಾಪಿನ ಫಲ ಕಾಣುವುದು ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ (ಬೂಸ್ಟ್) ಕಟ್ಟಿಕೊಂಡ ಮೇಲೆ. ಸಾವಿರ ಆರ್‌ಪಿಎಂನಲ್ಲಿ ಬಂಡೆಯ ಮೇಲೆ ತೆವಳುವಾಗ ಟರ್ಬೊ ಇನ್ನೂ ಆಕಳಿಸುತ್ತಿರುತ್ತದೆ.

ಅನುಪಾತ ಎಷ್ಟು ಎನ್ನುವುದರಷ್ಟೇ ಮುಖ್ಯವಾದದ್ದು ಅದನ್ನು ಎಲ್ಲಿ ಇಡುತ್ತೇವೆ ಎನ್ನುವುದು. ಟ್ರಾನ್ಸ್‌ಫರ್ ಕೇಸಿನಲ್ಲಿ ಟಾರ್ಕ್ ಹೆಚ್ಚಿಸಿದರೆ ಅದರಾಚೆ ಇರುವ ಪ್ರೊಪೆಲ್ಲರ್ ಶಾಫ್ಟು (ಆಕ್ಸಲ್ಲಿನವರೆಗಿನ ಉದ್ದನೆಯ ದಂಡ), ಅದರ ಯೂನಿವರ್ಸಲ್ ಜಾಯಿಂಟ್ ಕೀಲುಗಳು, ಡಿಫರೆನ್ಷಿಯಲ್ (ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರುಗಳು), ಹಾಫ್ ಶಾಫ್ಟು (ಅಲ್ಲಿಂದ ಚಕ್ರದವರೆಗಿನ ದಂಡ), ಎಲ್ಲವೂ ಆ ಭಾರವನ್ನು ಹೊರಬೇಕು. ಆಕ್ಸಲ್ಲಿನಲ್ಲಿ ಹೆಚ್ಚಿಸಿದರೆ ಪ್ರೊಪೆಲ್ಲರ್ ಶಾಫ್ಟು ಬಚಾವಾಗುತ್ತದೆ, ಆದರೆ ಹಾಫ್ ಶಾಫ್ಟಿಗೆ ಬಿಡುಗಡೆಯಿಲ್ಲ. ಯೂನಿಮಾಗ್ ಟ್ರಕ್ಕಿನ ಪೋರ್ಟಲ್ ಆಕ್ಸಲ್ಲಿನಲ್ಲಿ ಕೊನೆಯ ಗೇರ್ ಜೋಡಿಯನ್ನು ಚಕ್ರದ ಹಬ್ಬಿನಲ್ಲೇ ಇಟ್ಟಿರುವುದರಿಂದ ಒಳಗಿನ ಶಾಫ್ಟುಗಳು ಕಡಿಮೆ ಟಾರ್ಕಿನಲ್ಲಿ ನೆಮ್ಮದಿಯಾಗಿ ತಿರುಗುತ್ತವೆ. ಜೊತೆಗೆ ಆಕ್ಸಲ್ ಚಕ್ರದ ನಡುಮಟ್ಟಕ್ಕಿಂತ ಮೇಲಕ್ಕೆ ಹೋಗಿ ನೆಲದಿಂದ ಎತ್ತರವೂ ಸಿಗುತ್ತದೆ. ಎಂಜಿನ್ನಿನ ಟಾರ್ಕ್ ಏರಿಸುವವರು ಈ ಸರಪಳಿಯನ್ನೊಮ್ಮೆ ಕಣ್ಣಿನಲ್ಲೇ ನಡೆದು ನೋಡಬೇಕು, ಏಕೆಂದರೆ ಅತ್ಯಂತ ದುರ್ಬಲ ಕೊಂಡಿ ಮುರಿಯುವುದು ಸಾಮಾನ್ಯವಾಗಿ ಮನೆಯಿಂದ ಅತ್ಯಂತ ದೂರದ ಜಾಗದಲ್ಲಿ.

ಇನ್ನು ಎಂಜಿನ್ನಿನ ಉಸಿರು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯನ್ನು ಬಿಚ್ಚಿ, ಬಿಳಿ ಬಟ್ಟೆ ಸುತ್ತಿದ ಬೆರಳನ್ನು ಒಳಗೆ ಒಮ್ಮೆ ಸುತ್ತಿ ತೆಗೆಯಿರಿ. ಬಟ್ಟೆಯ ಮೇಲೆ ಬೂದು ಬಣ್ಣದ ನುಣ್ಣನೆಯ ಪುಡಿ ಬಂದರೆ ಆ ಎಂಜಿನ್ ಮರಳುಕಾಗದವನ್ನು ನುಂಗುತ್ತಿದೆ ಎಂದೇ ಅರ್ಥ, ಏಕೆಂದರೆ ಧೂಳಿನಲ್ಲಿರುವ ಸಿಲಿಕಾ ಪಿಸ್ಟನ್ ರಿಂಗುಗಳನ್ನೂ ಸಿಲಿಂಡರಿನ ಗೋಡೆಗಳನ್ನೂ ಟರ್ಬೊದ ಕಂಪ್ರೆಸರ್ ಚಕ್ರದ ಅಂಚುಗಳನ್ನೂ ಸವೆಸುತ್ತದೆ. ಗಾಳಿ ಸಲೀಸಾಗಿ ಹರಿಯುತ್ತದೆಂದು ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕುವುದನ್ನು ನಾನು ಧೂಳಿನ ಹಾದಿಗೆ ಒಪ್ಪುವುದಿಲ್ಲ; ಅಲ್ಲಿ ಒಳ್ಳೆಯ ಕಾಗದದ ಫಿಲ್ಟರು, ಬಿಗಿಯಾದ ರಬ್ಬರ್ ಅಂಚು, ಸಾಧ್ಯವಾದರೆ ಧೂಳನ್ನು ಸುಳಿಯಲ್ಲಿ ಸಿಡಿಸಿ ಬೇರ್ಪಡಿಸುವ ಪ್ರೀ ಕ್ಲೀನರ್ ಇರಬೇಕು. ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಳ್ಳುವ ಕೊಳವೆಯಾದ ಸ್ನಾರ್ಕೆಲ್ ಎಂದರೆ ನದಿ ದಾಟುವ ಸಾಧನವೆಂದು ಬಹಳಷ್ಟು ಜನ ನಂಬಿದ್ದಾರೆ. ನೀರು ಸಿಲಿಂಡರಿಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗುವುದನ್ನು ಅದು ತಡೆಯುವುದು ನಿಜವೇ. ಆದರೆ ದಿನನಿತ್ಯದ ಲಾಭವೆಂದರೆ ಮುಂದಿನ ಗಾಡಿ ಎಬ್ಬಿಸಿದ ಧೂಳಿನ ಮೋಡಕ್ಕಿಂತ ಮೇಲಿನ, ಬಾನೆಟ್ಟಿನೊಳಗಿನದಕ್ಕಿಂತ ತಣ್ಣಗಿನ ಗಾಳಿ ಸಿಗುವುದು. ಟರ್ಬೊ ಇಲ್ಲದ ಎಂಜಿನ್ 3000 ಮೀಟರ್ ಎತ್ತರದಲ್ಲಿ ತನ್ನ ಶಕ್ತಿಯಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನೇ ಕಳೆದುಕೊಂಡಿರುತ್ತದೆ, ಅದಕ್ಕೆ ಮದ್ದೂ ಮತ್ತೆ ಗೇರ್ ಅನುಪಾತವೇ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವವರು ಶಾಖದ ಲೆಕ್ಕ ಇಡಬೇಕು. ಗಾಡಿ ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಕ್ಲಚ್ಚಿನ ಜಾಗದಲ್ಲಿ ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಟಾರ್ಕನ್ನು ಸುಮಾರು ಎರಡು ಪಟ್ಟು ಮಾಡಿಕೊಡುತ್ತದೆ. ಅದಕ್ಕೆ ಅದು ಪಡೆಯುವ ಬೆಲೆ ಎಣ್ಣೆಯ ಕಾವು. ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವ ಎಣ್ಣೆ 120 ದಾಟಿದರೆ ಬೇಗ ಕೆಡುತ್ತದೆ, ಬಣ್ಣ ಕಪ್ಪಾಗುತ್ತದೆ, ಸುಟ್ಟ ವಾಸನೆ ಹಿಡಿಯುತ್ತದೆ. ಹಾಗಾಗಿ ಶಕ್ತಿ ಹೆಚ್ಚಿಸುವ ಮೊದಲು ಗೇರ್‌ಬಾಕ್ಸಿನ ಎಣ್ಣೆಗೆ ಒಂದು ತಾಪಮಾಪಕ, ಆಮೇಲೆ ಪ್ರತ್ಯೇಕ ಆಯಿಲ್ ಕೂಲರ್. ಕೂಲರನ್ನು ರೇಡಿಯೇಟರಿನ ಮುಂದೆ ಕಟ್ಟುವವರು ಒಂದನ್ನು ಮರೆಯಬಾರದು: ಅವೆರಡರ ಸಂದಿಯಲ್ಲಿ ಕೆಸರು ಸೇರಿಕೊಂಡರೆ ಎರಡೂ ಕೆಟ್ಟವು. ನೀರು ಹಾಯಿಸಿ ತೊಳೆಯುವಾಗ ಎಂಜಿನ್ ಕಡೆಯಿಂದ ಹೊರಕ್ಕೆ ಹಾಯಿಸಬೇಕು. ಹೊರಗಿನಿಂದ ಹಾಯಿಸಿದರೆ ಕೆಸರು ಇನ್ನಷ್ಟು ಒಳಕ್ಕೆ ಕೂರುತ್ತದೆ.

ಗೇರ್ ಎಣ್ಣೆಯ ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತುಗಳನ್ನು ಬೆಲೆಯ ಮೇಲುಕೆಳಗೆಂದು ತಿಳಿಯಬೇಡಿ. ಡಿಫರೆನ್ಷಿಯಲ್ಲಿನ ಹೈಪಾಯ್ಡ್ ಗೇರುಗಳಿಗೆ (ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಕಚ್ಚುವ ಗೇರುಗಳಿಗೆ) ಜಿಎಲ್-5 ಬೇಕು; ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುವ ಗೇರ್‌ಬಾಕ್ಸಿಗೆ ತಯಾರಕರು ಜಿಎಲ್-4 ಹೇಳಿದ್ದರೆ ಅದನ್ನೇ ಹಾಕಬೇಕು.

ಕೊನೆಯದಾಗಿ, ಆಕ್ಸಲ್ಲಿನೊಳಗಿನ ಗಾಳಿ ಹೋಗಿಬರುವ ಬ್ರೀದರ್. ಬೆರಳುದ್ದದ ಆ ಪುಟ್ಟ ಕೊಳವೆಯ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ಏರು ಹತ್ತಿ ಬಿಸಿಯಾದ ಆಕ್ಸಲ್ ತಣ್ಣನೆಯ ಹೊಳೆಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರಿನ ಬಾಯಿ ನೀರಿನಡಿ ಇದ್ದರೆ ಅಲ್ಲಿಂದ, ಅದು ಕೆಸರಿನಿಂದ ಕಟ್ಟಿಕೊಂಡಿದ್ದರೆ ಸೀಲುಗಳ ಅಂಚಿನಿಂದ, ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ರಬ್ಬರ್ ಕೊಳವೆ ಜೋಡಿಸಿ ಬ್ರೀದರಿನ ಬಾಯಿಯನ್ನು ಬಾನೆಟ್ಟಿನ ಎತ್ತರಕ್ಕೆ ಒಯ್ದರೆ ಸಾಕು. ಒಯ್ಯದಿದ್ದವರು ಹೊಳೆ ದಾಟಿದ ಮರುದಿನ, ಗಾಡಿ ಓಡಿಸುವ ಮುಂಚೆ, ಡಿಫರೆನ್ಷಿಯಲ್ಲಿನ ಕೆಳಗಿನ ಪ್ಲಗ್ಗನ್ನು ಒಂದೆರಡು ಸುತ್ತು ಸಡಿಲಿಸಿ ನೋಡಲಿ: ನೀರು ಎಣ್ಣೆಗಿಂತ ಭಾರವಾದ್ದರಿಂದ, ಒಳಗೆ ಸೇರಿದ್ದರೆ ಮೊದಲು ತೊಟ್ಟಿಕ್ಕುವುದು ಅದೇ. ಆಗಲೇ ಕಲಸಿಹೋಗಿ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಪೂರ್ತಿ ಇಳಿಸಿ, ಹೊಸದು ತುಂಬಿ, ಸ್ವಲ್ಪ ದೂರ ಓಡಿಸಿ, ಅದನ್ನೂ ಇಳಿಸಿ ಮತ್ತೊಮ್ಮೆ ತುಂಬಬೇಕು.