ನಿಮ್ಮ ಕಡೆ ಮಳೆ ಹೇಗೆ?

ಕೇಳುಗರಿಗೆಲ್ಲ ನಮಸ್ಕಾರ.

ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಪಕ್ಕದವರು ಯಾರಾದರೂ ಕೇಳಿಯೇ ಕೇಳುತ್ತಾರೆ: ‘ನಿಮ್ ಕಡೆ ಮಳೆ ಹೆಂಗೆ?’ ನೀವು ಯಾರು ಅಂತ ಅವರಿಗೆ ಗೊತ್ತಿರುವುದಿಲ್ಲ. ನಿಮ್ಮ ಕಡೆ ಅಂದರೆ ಯಾವ ಕಡೆ ಅಂತಲೂ ಗೊತ್ತಿರುವುದಿಲ್ಲ. ಆದರೂ ಕೇಳುತ್ತಾರೆ.

ಇದನ್ನು ಸುಮ್ನೆ ಹೊತ್ತು ಕಳೆಯುವ ಮಾತು ಅಂತ ನಗುವವರಿದ್ದಾರೆ. ನಮ್ಮ ಹಾಸನ ಜಿಲ್ಲೆಯಲ್ಲಿ ಅದು ಹಾಗಲ್ಲ. ಸಕಲೇಶಪುರದಲ್ಲಿ ಕೊಡೆ ಮುರಿಯುವಂಥ ಮಳೆ ಹೊಯ್ಯುವಾಗ ಅರಸೀಕೆರೆಯವರು ಮೋಡ ನೋಡುತ್ತಾ ಕೂತಿರುತ್ತಾರೆ. ಕಾಫಿಗೆ ಬೇಸಿಗೆಯಲ್ಲಿ ಹೂ ಅರಳಿಸುವ ಹೂಮಳೆ ಬೇಕು. ಅದಾಗಿ ಎರಡು ಮೂರು ವಾರಕ್ಕೆ, ಹೂ ಕಾಯಿ ಕಟ್ಟಿ ನಿಲ್ಲಲು, ಬ್ಯಾಕಿಂಗ್ ಮಳೆ ಅನ್ನುವ ಇನ್ನೊಂದು ಮಳೆ ಬೇಕು. ಪಕ್ಕದ ಹೋಬಳಿಯಲ್ಲಿ ಸುರಿದ ಮಳೆ ನಮ್ಮ ತೋಟದ ಬೇಲಿ ದಾಟದೆ ಹೋಗಬಹುದು. ಹಾಗಾಗಿ ಅದು ನಿಜವಾದ ಪ್ರಶ್ನೆ. ಅವರಿಗೆ ಗೊತ್ತಿದೆ, ನಮಗೆ ಬೇಕಾಗಿದೆ, ಯಾರ ಮನೆಯ ಗುಟ್ಟೂ ಅಲ್ಲ. ಗುರುತಿಲ್ಲದವರನ್ನು ಮಾತಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ನನಗಂತೂ ಕಂಡಿಲ್ಲ.

ಈಗ ಬಸ್ಸಿನಲ್ಲಿ ಆ ಪ್ರಶ್ನೆ ಕಡಿಮೆಯಾಗಿದೆ. ಎಲ್ಲರ ತಲೆಯೂ ಮೊಬೈಲಿಗೆ ಬಗ್ಗಿದೆ. ಬರೀ ಮೊಬೈಲನ್ನೇ ಬೈದು ಪ್ರಯೋಜನವಿಲ್ಲ ಬಿಡಿ. ಒಳಗೊಂದು ಅಳುಕಿದೆ. ನಾವು ಮಾತಾಡಿಸಿದರೆ ಅವರಿಗೆ ಕಿರಿಕಿರಿ ಆಗುತ್ತದೇನೋ ಅಂತ. ನಿಕೋಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ಶಿಕಾಗೋದಲ್ಲಿ ಈ ಅಳುಕನ್ನೇ ಪರೀಕ್ಷೆಗೆ ಇಟ್ಟರು. 2014ರಲ್ಲಿ ಅದು ಪ್ರಕಟವಾಯಿತು. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುವವರಲ್ಲಿ ಕೆಲವರಿಗೆ, ಪಕ್ಕದವರನ್ನು ಮಾತಾಡಿಸಿ ಅಂದರು. ಕೆಲವರಿಗೆ, ನಿಮ್ಮ ಪಾಡಿಗೆ ಸುಮ್ಮನೆ ಕೂತಿರಿ ಅಂದರು. ಇನ್ನು ಕೆಲವರು ಯಾವಾಗಲೂ ಹೋಗುವ ಹಾಗೆ ಹೋದರು. ಪ್ರಯಾಣ ಚೆನ್ನಾಗಿತ್ತು ಅಂತ ಹೆಚ್ಚು ಹೇಳಿದವರು ಮಾತಾಡಿಸಿದವರೇ. ತಮಾಷೆ ಏನೆಂದರೆ, ಬೇರೆ ಪ್ರಯಾಣಿಕರನ್ನು ಕರೆದು ‘ಇದರಲ್ಲಿ ಯಾವುದು ಚೆನ್ನಾಗಿರುತ್ತದೆ’ ಅಂತ ಕೇಳಿದರೆ, ಒಬ್ಬರೇ ಕೂರುವುದೇ ವಾಸಿ ಅಂದರು. ಪಕ್ಕದವರಿಗೆ ಮಾತು ಬೇಡ ಅಂತ ಇವರು ಅಂದುಕೊಂಡಿದ್ದರು. ಪಕ್ಕದವರೂ ಇವರ ಬಗ್ಗೆ ಅದನ್ನೇ ಅಂದುಕೊಂಡು ಕೂತಿದ್ದರು, ಅಷ್ಟೇ.

ಇನ್ನೊಂದು ಸಮಾಧಾನದ ಸಂಗತಿ 2018ರಲ್ಲಿ ಬಂದ ಅಧ್ಯಯನದ್ದು. ಪರಿಚಯವಿಲ್ಲದ ಇಬ್ಬರು ಮಾತಾಡಿ ಎದ್ದ ಮೇಲೆ, ‘ನಾನು ಅವರಿಗೆ ಅಷ್ಟೇನೂ ಹಿಡಿಸಲಿಲ್ಲ’ ಅಂತ ಇಬ್ಬರೂ ಅಂದುಕೊಳ್ಳುತ್ತಾರಂತೆ. ನಿಜವಾಗಿ ಅವರು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಹಿಡಿಸಿರುತ್ತಾರೆ. ಮನೆಗೆ ಬಂದು ‘ಅಯ್ಯೋ, ಹಾಗೆ ಹೇಳಬಾರದಿತ್ತು’ ಅಂತ ಹಣೆ ಚಚ್ಚಿಕೊಳ್ಳುವ ನನ್ನಂಥವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಕಲಿಯಬೇಕಾದ್ದು ಏನು? ಮೊದಲ ಪ್ರಶ್ನೆ ಯಾರಿಗೂ ಬರುತ್ತದೆ. ಕಷ್ಟ ಇರುವುದು ಎರಡನೆಯದರಲ್ಲಿ. ಮಳೆಯ ಲೆಕ್ಕದಲ್ಲಿ ಇಂಚಿನ ನೂರನೇ ಒಂದು ಪಾಲಿಗೆ ನಾವು ಸೆಂಟು ಅನ್ನುತ್ತೇವೆ. ‘ನಿನ್ನೆ ನಲವತ್ತು ಸೆಂಟು ಬಂತು’ ಅಂತ ಅವರು ಹೇಳಿದ ಕೂಡಲೇ ನಾವು ‘ನಮ್ಮಲ್ಲಿ ಅರವತ್ತು’ ಅಂತ ಶುರು ಮಾಡುತ್ತೇವೆ. ಅಲ್ಲಿಗೆ ಮಾತು ಹೋಗಿ ಹರಾಜು ಆಗುತ್ತದೆ. ಅದರ ಬದಲು ‘ಹೂ ಬಿಟ್ಟಿತಾ?’ ಅಂತ ಕೇಳಿ ನೋಡಿ. ಅವರು ಹೇಳಿದ್ದನ್ನು ನೀವು ಕೇಳಿಸಿಕೊಂಡಿದ್ದೀರಿ ಅಂತ ಅವರಿಗೆ ಗೊತ್ತಾಗುತ್ತದೆ. ಹೀಗೆ ಮಾತಿನ ಬಾಲ ಹಿಡಿದು ಕೇಳುವವರು ಎದುರಿನವರಿಗೆ ಬೇಗ ಹಿಡಿಸುತ್ತಾರೆ ಅಂತ 2017ರ ಒಂದು ಅಧ್ಯಯನವೂ ಹೇಳಿದೆ. ನಾನೋ, ಇಲ್ಲಿ ಮೈಕಿನ ಮುಂದೆ ಕೂತು ಒಬ್ಬನೇ ಮಾತಾಡುತ್ತಿದ್ದೇನೆ. ಎರಡನೇ ಪ್ರಶ್ನೆ ಕೇಳಲು ಎದುರಿಗೆ ನೀವಿಲ್ಲ.

ಆದರೆ ನಮ್ಮವರದೊಂದು ಕೆಟ್ಟ ಚಾಳಿ ಇದೆ. ಹೇಳದೇ ಇರಲಾರೆ. ಮಳೆಯಿಂದ ಹೊರಟು ಮೂರನೇ ಪ್ರಶ್ನೆಗೆ ಸಂಬಳ, ನಾಲ್ಕನೆಯದಕ್ಕೆ ಮದುವೆ, ಐದನೆಯದಕ್ಕೆ ‘ನಿಮ್ಮದು ಯಾವ ಪೈಕಿ’ ಅಂತ ಜಾತಿಗೆ ಬಂದು ನಿಲ್ಲುತ್ತೇವೆ. ಅದು ಮಾತಲ್ಲ, ತನಿಖೆ. ನಾನೂ ಒಮ್ಮೆ ಬೇಲೂರಿನಿಂದ ಹಾಸನಕ್ಕೆ ಬರುವಾಗ ಪಕ್ಕದ ಸೀಟಿನ ಹೆಣ್ಣುಮಗಳನ್ನು ‘ಮಕ್ಕಳೆಷ್ಟಮ್ಮ?’ ಅಂದುಬಿಟ್ಟೆ. ಆಕೆ ಕಿಟಕಿ ಕಡೆ ತಿರುಗಿದರು. ಹಗರೆ ಬಂತು, ಹಾಸನವೂ ಬಂತು, ಆಕೆ ತಿರುಗಲಿಲ್ಲ. ಆ ಪ್ರಶ್ನೆ ಎಲ್ಲಿ ಚುಚ್ಚಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದೇ ಪದದ ಉತ್ತರ, ಕಿವಿಗೆ ಹಾಕಿದ ಇಯರ್‌ಫೋನ್, ತಿರುಗಿದ ಮುಖ: ಇವು ‘ಸಾಕು’ ಅನ್ನುವ ಮಾತೇ. ಒಬ್ಬರೇ ಪ್ರಯಾಣ ಮಾಡುವ ಹೆಣ್ಣುಮಕ್ಕಳಿಗೆ ಸುಮ್ಮನಿರುವ ಹಕ್ಕು ಇನ್ನೂ ಜಾಸ್ತಿ. ಇನ್ನು ಫೋನ್ ನಂಬರು, ಬ್ಯಾಂಕಿನ ವಿಷಯ ಯಾರಿಗೂ ಹೇಳಬೇಡಿ. ಅದು ನಿಮಗೆ ಗೊತ್ತೇ ಇದೆ.

ಮಾತು ಬಾರದು ಅನ್ನುವವರಿಗೆ ಅಭ್ಯಾಸಕ್ಕೆ ಸಾಲು ಒಳ್ಳೆಯ ಜಾಗ. ಹಾಸನಾಂಬೆಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ. ಆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರನ್ನು ನೋಡಿ. ಮೊದಲು ನೂಕಾಟ, ಆಮೇಲೆ ಗೊಣಗಾಟ, ಆಮೇಲೆ ಒಂದೇ ನೀರಿನ ಬಾಟಲಿ. ದರ್ಶನ ಆದ ಮೇಲೆ ಯಾರಿಗೆ ಯಾರೂ ಇಲ್ಲ. ಹೇಗೆ ಮುಗಿಸುವುದು ಅನ್ನುವ ಚಿಂತೆಯೇ ಅಲ್ಲಿಲ್ಲ.

ಎರಡು ವರ್ಷದ ಹಿಂದೆ ಸಕಲೇಶಪುರದಲ್ಲಿ ಮಂಗಳೂರಿನ ರೈಲು ಹತ್ತಿದೆ. ಎದುರಿಗೆ ಅರಸೀಕೆರೆ ಕಡೆಯ ವಯಸ್ಸಾದವರೊಬ್ಬರು, ತೆಂಗಿನ ತೋಟದವರು, ಸುಬ್ರಹ್ಮಣ್ಯಕ್ಕೆ ಹೊರಟಿದ್ದರು. ಘಾಟಿಯ ಆ ದಾರಿಯಲ್ಲಿ 57 ಸುರಂಗಗಳಿವೆ. ಸುರಂಗ ಬಂದಾಗಲೆಲ್ಲ ಗದ್ದಲಕ್ಕೆ ಮಾತು ನಿಲ್ಲುತ್ತಿತ್ತು. ಬೆಳಕು ಬಂದ ಕೂಡಲೇ ‘ಎಲ್ಲಿದ್ವಿ?’ ಅನ್ನುತ್ತಿದ್ದರು. ನಾನು ಮಳೆ ಅಳೆಯುವ ನಮ್ಮ ಡಬ್ಬಿಯ ಲೆಕ್ಕವನ್ನು ಇಂಚು, ಸೆಂಟು ಅಂತ ಹೇಳುತ್ತಿದ್ದೆ. ಅವರು ಕೇಳಿದರು, ‘ಡಬ್ಬಿಗೆ ಬಿದ್ದಿದ್ದು ಅಷ್ಟು ಸರಿ. ನೆಲಕ್ಕೆ ಎಷ್ಟು ಇಳೀತು?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಕಡೆ ಮಳೆಯನ್ನು ಅಳೆಯುವುದಿಲ್ಲವಂತೆ, ಮಣ್ಣು ಹಿಡಿದು ಹದ ನೋಡುತ್ತಾರಂತೆ. ಬಿತ್ತುವ ಹದ ಬೇರೆ, ಉಳುವ ಹದ ಬೇರೆ. ಬೆರಳಲ್ಲಿ ಹೇಗೆ ಹಿಂಡಬೇಕು ಅಂತ ತೋರಿಸಲು ಕೈ ಎತ್ತಿದರು, ಅಷ್ಟರಲ್ಲಿ ಇನ್ನೊಂದು ಸುರಂಗ.

ಈಗ ಬೆಳಿಗ್ಗೆ ಮಳೆ ಡಬ್ಬಿ ನೋಡಿ ಪುಸ್ತಕದಲ್ಲಿ ಬರೆದ ಮೇಲೆ, ಕಾಫಿ ಗಿಡದ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು ಹಿಂಡಿ ನೋಡುತ್ತೇನೆ.

ನಮಸ್ಕಾರ.